ರಿಂಗ್ ರೋಡ್ ಹತ್ತಿರ ಬಂದರೆ ಮನೆ ಬೆಲೆ ಏರುತ್ತದಾ, ಇಳಿಯುತ್ತದಾ?

ಮುಳಶಿ_ಮನೆಯಾಕೆ

ನಮಸ್ಕಾರ ಎಲ್ಲರಿಗೂ. ನಮ್ಮದು ಮೂಲ ಧಾರವಾಡ, ಈಗ ಪುಣೆಯವರೇ ಆಗಿಬಿಟ್ಟಿದ್ದೇವೆ. ಪಿರಂಗುಟ್ ದಾಟಿ ಒಳಗೆ ಒಂದು ಸಣ್ಣ ಸೊಸೈಟಿಯಲ್ಲಿ ರೋ ಹೌಸ್ ಇದೆ. ಪಶ್ಚಿಮದ ರಿಂಗ್ ರೋಡ್ ನಮ್ಮ ಹಿಂದಿನ ಹೊಲಗಳ ಆಚೆ ಹೋಗುತ್ತದೆ. ಹಿತ್ತಲ ಬಾಗಿಲಲ್ಲಿ ನಿಂತರೆ ಭತ್ತದ ಗದ್ದೆ ನಡುವೆ ನೆಟ್ಟ ಗುರುತಿನ ಕಲ್ಲುಗಳು ಕಾಣುತ್ತವೆ.

ಈಗ ಬ್ರೋಕರ್‌ಗಳ ಫೋನ್ ನಿಲ್ಲುತ್ತಲೇ ಇಲ್ಲ. ಒಬ್ಬ "ವಹಿನಿ, ಈಗ ಕೊಡಬೇಡಿ, ರಸ್ತೆ ಆದ ಮೇಲೆ ಡಬಲ್ ಆಗುತ್ತೆ" ಅನ್ನುತ್ತಾನೆ. ಇನ್ನೊಬ್ಬ "ಈಗಲೇ ಕೊಟ್ಟುಬಿಡಿ, ಆಮೇಲೆ ಲಾರಿ ಸದ್ದಿಗೆ ಯಾರೂ ಬರಲ್ಲ" ಅನ್ನುತ್ತಾನೆ. ಮಾವನವರಿಗೆ ವಯಸ್ಸಾಗಿದೆ, ಅವರಿಗೆ ಆಸ್ಪತ್ರೆ ಹತ್ತಿರ ಇರಬೇಕು. ಕೋಥ್ರೂಡ್ ಅಥವಾ ಬಾವಧನ್ ಕಡೆ ಫ್ಲ್ಯಾಟ್ ತೆಗೆದುಕೊಳ್ಳಬೇಕು ಅಂತ ಮನಸ್ಸು. ಆದರೆ ಇದನ್ನು ಮಾರದೆ ಅದು ಆಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಖಾಲಿ ಜಾಗದ ಮಾತು ಬಿಡಿ. ಜನ ವಾಸ ಮಾಡುವ ಮನೆಗೆ ಹೆದ್ದಾರಿಯಿಂದ ನಿಜವಾಗಿ ಬೆಲೆ ಬರುತ್ತದಾ? ಅನುಭವ ಇದ್ದವರು ಹೇಳಿ.

ವಾಕಡ್_ವಿಜಯಪುರ

ಕಣ್ಣು ಮುಚ್ಚಿಕೊಂಡು ಇಟ್ಟುಕೊಳ್ಳಿ ಅಕ್ಕಾ. ರಸ್ತೆ ಬಂದ ಕಡೆ ದುಡ್ಡು ಬಂದೇ ಬರುತ್ತದೆ. ವಾಕಡ್, ಬಾಣೇರ್, ಬಾಲೇವಾಡಿ ನೋಡಿ. ಬೈಪಾಸ್ ಆಗುವ ಮುಂಚೆ ಅಲ್ಲಿ ಏನಿತ್ತು? ಹೊಲ, ದನದ ಕೊಟ್ಟಿಗೆ ಅಷ್ಟೇ.

ಬಾವಧನ್_ಬಾಲ್ಕನಿ

ಇಷ್ಟು ಸುಲಭವಾಗಿ ಹೇಳಬೇಡಿ ವಿಜಯಪುರದವರೇ. ನಾನು ಬಾವಧನ್‌ನಲ್ಲಿ ಕಾತ್ರಜ್–ದೇಹು ರೋಡ್ ಬೈಪಾಸ್ ಕಡೆ ಮುಖ ಮಾಡಿದ ಫ್ಲ್ಯಾಟಿನಲ್ಲಿ ಇದ್ದೇನೆ. ಬೆಳಿಗ್ಗೆ ಬಾಲ್ಕನಿ ಗ್ರಿಲ್ ಒರೆಸಿದರೆ ಸಂಜೆಗೆ ಮತ್ತೆ ಬಟ್ಟೆಗೆ ಕಪ್ಪು ಹತ್ತುತ್ತದೆ. ಅದು ಮಣ್ಣಿನ ಧೂಳಲ್ಲ. ಟೈರು, ಡೀಸೆಲ್ ಎಲ್ಲ ಸೇರಿದ ಜಿಡ್ಡು ಮಸಿ. ಬರೀ ನೀರಿಗೆ ಹೋಗುವುದಿಲ್ಲ, ಸೋಪು ಹಚ್ಚಿ ತಿಕ್ಕಬೇಕು. ಶಾಲೆಯ ಬಿಳಿ ಯೂನಿಫಾರ್ಮನ್ನು ನಮ್ಮ ಮನೆಯಲ್ಲಿ ಹೊರಗೆ ಒಣಹಾಕುವುದೇ ಇಲ್ಲ.

ರಾತ್ರಿ ಇನ್ನೂ ಕಷ್ಟ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಮ್ಮ ಬೆಡ್‌ರೂಮಿನಲ್ಲಿ ಕಿಟಕಿ ತೆರೆದರೆ ಟಿವಿ ಮಾತು ಕೇಳಿಸುವುದಿಲ್ಲ.

ಈಗ ಬೆಲೆ ವಿಷಯ. ನಮ್ಮದು ಒಂದೇ ಬಿಲ್ಡಿಂಗು, ಒಂದೇ ಅಳತೆ, ಒಂದೇ ವರ್ಷದ ಮನೆಗಳು. ಗುಡ್ಡದ ಕಡೆಯ ಫ್ಲ್ಯಾಟ್ ಮಾರಾಟಕ್ಕೆ ಬಂದರೆ ಬೇಗ ಹೋಗುತ್ತದೆ. ರಸ್ತೆ ಕಡೆಯದು ತಿಂಗಳುಗಟ್ಟಲೆ ಕೂತಿರುತ್ತದೆ, ಕೊನೆಗೆ ದರ ಇಳಿಸಿಯೇ ಕೊಡಬೇಕು. ಏರಿಯಾದ ಬೆಲೆ ಏರಿದೆ ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಆ ಏರಿಕೆಯಲ್ಲಿ ನಮ್ಮ ಬದಿಯವರಿಗೆ ಸಿಕ್ಕಿದ್ದು ಕಡಿಮೆ ಪಾಲು.

ವಾಕಡ್_ವಿಜಯಪುರ

ಆದರೂ ಏರಿದೆ ಅಂತ ನೀವೇ ಹೇಳಿದಿರಲ್ಲ!

ತಳೇಗಾವ್_ತೋಟ

ವಾಕಡ್ ಏರಿದ್ದು ರಸ್ತೆಯಿಂದ ಅಂತ ಯಾರು ಹೇಳಿದರು ನಿಮಗೆ? ಹಿಂಜವಡಿ ಐಟಿ ಪಾರ್ಕ್ ಪಕ್ಕದಲ್ಲೇ ಬಂತು, ಅದಕ್ಕೆ. ಅಷ್ಟು ಸಾವಿರ ಜನರಿಗೆ ಕೆಲಸದ ಹತ್ತಿರ ಮನೆ ಬೇಕಿತ್ತು. ಹೆದ್ದಾರಿ ಒಂದೇ ಸಾಕಿದ್ದರೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ 94.5 ಕಿಲೋಮೀಟರಿನಲ್ಲಿ ಪ್ರತಿ ಹಳ್ಳಿಯೂ ವಾಕಡ್ ಆಗಬೇಕಿತ್ತು. ಅದು 2002ರಿಂದ ಪೂರ್ತಿ ಓಡುತ್ತಿದೆ. ಮಾವಳದಲ್ಲಿ ಎಷ್ಟೋ ಊರುಗಳ ಪಕ್ಕದಲ್ಲೇ ಹೋಗುತ್ತದೆ. ಊರಿನವರಿಗೆ ಬೇಲಿ ಕಾಣುತ್ತದೆ, ಬೇಲಿಯಾಚೆ ಕಾರುಗಳು ಕಾಣುತ್ತವೆ. ಹತ್ತಬೇಕಾದರೆ ಎಲ್ಲೋ ದೂರದ ಎಂಟ್ರಿಗೆ ಹೋಗಬೇಕು. ಬೈಕು, ರಿಕ್ಷಾಕ್ಕಂತೂ ಪ್ರವೇಶವೇ ಇಲ್ಲ. ಬಾವಿ ಇದೆ, ಹಗ್ಗ ಇಲ್ಲ ಅಂದ ಹಾಗೆ.

ಅಕ್ಕಾ, ನಿಮ್ಮ ರಿಂಗ್ ರೋಡ್ ಕೂಡ ಅದೇ ಜಾತಿಯದು. ಎಲ್ಲೆಂದರಲ್ಲಿ ಹತ್ತಿ ಇಳಿಯಲು ಆಗುವುದಿಲ್ಲ. 110 ಮೀಟರ್ ಅಗಲ ಇರುತ್ತದೆ, ವೇಗದ ರಸ್ತೆ. ನಿಮಗೆ ಮುಖ್ಯ ಇರುವುದು ರಸ್ತೆ ಎಷ್ಟು ಹತ್ತಿರ ಅನ್ನುವುದಲ್ಲ, ಇಂಟರ್‌ಚೇಂಜ್ ಅಂದರೆ ಹತ್ತಿ ಇಳಿಯುವ ಜಾಗ ಎಲ್ಲಿ ಬರುತ್ತದೆ ಅನ್ನುವುದು. ಮೊದಲು ಅದನ್ನು ಪತ್ತೆ ಮಾಡಿ.

ಮುಳಶಿ_ಮನೆಯಾಕೆ

ಇದನ್ನು ಒಬ್ಬ ಬ್ರೋಕರೂ ಹೇಳಲಿಲ್ಲ ನೋಡಿ. ಎಲ್ಲರೂ "ರಿಂಗ್ ರೋಡ್ ಟಚ್" ಅಂತಲೇ ಮಾತಾಡುತ್ತಾರೆ. ಯಜಮಾನರಿಗೆ ಹೇಳುತ್ತೇನೆ, ನಕ್ಷೆ ಹುಡುಕುತ್ತೇವೆ.

ಅಂದಾಜು_ಕಾಕಾ

ತಾಯಿ, ಬ್ಯಾಂಕ್ ಸಾಲಕ್ಕಾಗಿ ಮನೆಗಳ ಮೌಲ್ಯ ಅಂದಾಜು ಮಾಡುವುದೇ ನನ್ನ ವೃತ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ.

ತಳೇಗಾವ್‌ನವರು ಹೇಳಿದ್ದು ಮುಖ್ಯ ಮಾತು. ಹೆದ್ದಾರಿ ಮನೆಗೆ ಎರಡು ಕೆಲಸ ಮಾಡುತ್ತದೆ. ಒಂದು, ಬೇರೆ ಊರು, ಆಫೀಸು, ಆಸ್ಪತ್ರೆಗಳನ್ನು ಹತ್ತಿರ ತರುತ್ತದೆ. ಇದರಿಂದ ಬೆಲೆ ಏರುತ್ತದೆ, ಮತ್ತು ಇದರ ಲಾಭ ಕಿಲೋಮೀಟರ್‌ಗಟ್ಟಲೆ ಹರಡುತ್ತದೆ. ಎರಡು, ಸದ್ದು, ಹೊಗೆ, ಧೂಳು ತರುತ್ತದೆ. ಇದರಿಂದ ಬೆಲೆ ಇಳಿಯುತ್ತದೆ, ಆದರೆ ಇದರ ಪೆಟ್ಟು ಪಕ್ಕದವರಿಗೆ ಮಾತ್ರ. ಹೊಗೆಯ ಹೊಡೆತ ಸುಮಾರು 150ರಿಂದ 300 ಮೀಟರ್ ದಾಟುವಷ್ಟರಲ್ಲಿ ಬಹಳ ಕಡಿಮೆಯಾಗುತ್ತದೆ. ಸದ್ದು ಅಷ್ಟು ಬೇಗ ಇಳಿಯುವುದಿಲ್ಲ. ಬಯಲು ಜಾಗದಲ್ಲಿ ರಸ್ತೆಯಿಂದ ದೂರ ಎರಡರಷ್ಟಾದರೂ ಸುಮಾರು 3 ಡೆಸಿಬಲ್ ಅಷ್ಟೇ ಇಳಿಯುತ್ತದೆ. ಹಾಗಾಗಿ ಒಳ್ಳೆಯ ಮನೆ ಯಾವುದು? ಹತ್ತು ನಿಮಿಷದಲ್ಲಿ ರಸ್ತೆ ಹತ್ತುವಂತಿರಬೇಕು, ಕಿಟಕಿಯಿಂದ ರಸ್ತೆ ಕಾಣಬಾರದು. ಕೆಟ್ಟ ಮನೆ ಅಂದರೆ ಇದರ ತಿರುವುಮುರುವು. ಎದುರಿಗೇ ರಸ್ತೆ, ಹತ್ತಲು ಮಾತ್ರ ಸುತ್ತಬೇಕು. ನಿಮ್ಮ ಮನೆ ಈ ಎರಡರ ನಡುವೆ ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ.

ಇನ್ನೊಂದು ವಿಷಯ, ಸಮಯ. ರಸ್ತೆ ಬರುತ್ತದೆ ಅನ್ನುವ ಸುದ್ದಿಗೇ ಅರ್ಧ ಬೆಲೆ ಏರಿಬಿಟ್ಟಿರುತ್ತದೆ. ಪುಣೆಯಲ್ಲಿ ರಿಂಗ್ ರೋಡ್ ಸುದ್ದಿ ಬಹಳ ಹಳೆಯದು. ಈಗ ಕೊಳ್ಳುವವನು ಆ ಸುದ್ದಿಗೆ ಈಗಾಗಲೇ ದುಡ್ಡು ಕೊಡುತ್ತಿದ್ದಾನೆ. ಕೆಲಸ ಶುರುವಾದ ಮೇಲೆ ಡಂಪರ್, ಧೂಳು, ಒಡೆದ ಹಳ್ಳಿ ರಸ್ತೆ. ಆಗ ಮನೆ ನೋಡಲು ಬಂದವರು ಮುಖ ಸಿಂಡರಿಸಿ ವಾಪಸ್ ಹೋಗುತ್ತಾರೆ. ರಸ್ತೆ ತೆರೆದ ಮೇಲೆ ಮತ್ತೆ ಏರುತ್ತದೆ. ಅಷ್ಟು ವರ್ಷ ಕಾಯುವ ತಾಕತ್ತು ಇದೆಯಾ ಅನ್ನುವುದನ್ನು ನಿಮ್ಮನ್ನೇ ಕೇಳಿಕೊಳ್ಳಿ. ಮಾವನವರ ಆಸ್ಪತ್ರೆ ವಿಷಯ ಇದ್ದರೆ ಕಾಯುವುದು ಬೇಡ ಅಂತಲೇ ನನ್ನ ಅಭಿಪ್ರಾಯ.

ಬಾವಧನ್_ಬಾಲ್ಕನಿ

ಕಾಕಾ ಹೇಳಿದ ನಡುವಿನ ಕಾಲವನ್ನು ನಾವು ನಮ್ಮ ಹತ್ತಿರದ ಚಾಂದ್ನಿ ಚೌಕ್‌ನಲ್ಲಿ ಕಂಡೆವು. ಹಳೆ ಸೇತುವೆಯನ್ನು 2022ರ ಅಕ್ಟೋಬರ್ 2ರಂದು ಸ್ಫೋಟಕ ಇಟ್ಟು ಕೆಡವಿದರು. ಹೊಸ ಮೇಲ್ಸೇತುವೆಗಳು ತೆರೆದದ್ದು 2023ರ ಆಗಸ್ಟ್ 12ಕ್ಕೆ. ಆ ಅವಧಿಯಲ್ಲಿ ನಮ್ಮ ಮಹಡಿಯ ಒಬ್ಬರು ಮನೆ ಮಾರಲು ಒದ್ದಾಡಿದರು. ಬರುವವರು ಟ್ರಾಫಿಕ್‌ನಲ್ಲಿ ಸಿಕ್ಕಿ ದಾರಿಯಿಂದಲೇ ಫೋನ್ ಮಾಡಿ "ಇನ್ನೊಂದು ದಿನ ಬರುತ್ತೇವೆ" ಅನ್ನುತ್ತಿದ್ದರು. ಚೌಕ್ ತೆರೆದ ಮೇಲೆ ಅದೇ ಮನೆ ಹೋಯಿತು.

ಉಳ್ವೆ_ಉಡುಪಿ

ನವಿ ಮುಂಬೈ ಕಡೆಯ ಅನುಭವ ಹೇಳುತ್ತೇನೆ. ಉಳ್ವೆಯಲ್ಲಿ ಎಷ್ಟೋ ವರ್ಷ "ಸಮುದ್ರ ಸೇತುವೆ ಬರುತ್ತೆ, ಏರ್‌ಪೋರ್ಟ್ ಬರುತ್ತೆ" ಅಂತಲೇ ಫ್ಲ್ಯಾಟ್ ಮಾರಿದರು. ಕೊಂಡವರು ಬಾಡಿಗೆದಾರರು ಸಿಗದೆ ಬೀಗ ಹಾಕಿ ಇಟ್ಟುಕೊಂಡಿದ್ದರು. ಮೆಂಟೆನೆನ್ಸ್ ಕಟ್ಟಬೇಕು, ಸಾಲದ ಕಂತು ಕಟ್ಟಬೇಕು. ಕೊನೆಗೆ 2024ರ ಜನವರಿಯಲ್ಲಿ ಅಟಲ್ ಸೇತು ತೆರೆಯಿತು. 21.8 ಕಿಲೋಮೀಟರ್, ಶಿವಡಿಗೆ ನೇರ ದಾರಿ. ಬೆಲೆ ಏರಿದ್ದು ನಿಜ. ಬಾಡಿಗೆಗೂ ಜನ ಬಂದರು.

ಆದರೆ ಕಾರಿಗೆ ಒಂದು ಸಲಕ್ಕೆ 250 ರೂಪಾಯಿ ಟೋಲ್. ದಿನಾ ಆಫೀಸಿಗೆ ಹೋಗಿ ಬರುವ ಸಾಮಾನ್ಯ ಸಂಬಳದವನಿಗೆ ಆಗುತ್ತದಾ? ಬೈಕಿಗೆ ಪ್ರವೇಶ ಇಲ್ಲ. ನಮ್ಮ ಹೋಟೆಲಿನ ಹುಡುಗರು ಇವತ್ತಿಗೂ ವಾಶಿ ಮೇಲಿಂದಲೇ ಬರುತ್ತಾರೆ. ರಸ್ತೆ ಬಂತು ಅಂದ ಮಾತ್ರಕ್ಕೆ ಎಲ್ಲರಿಗೂ ಬಂತು ಅಂತಲ್ಲ. ನಿಮ್ಮ ಮನೆಯನ್ನು ಕೊಳ್ಳುವವರು ಯಾರು, ಅವರು ಟೋಲ್ ಕಟ್ಟಿ ಓಡಾಡುವವರಾ, ಅದನ್ನೂ ನೋಡಿ.

ಡೊಂಬಿವಲಿ_ದೋಸೆ

ಟೋಲ್ ಮಾತು ನೂರಕ್ಕೆ ನೂರು ಸರಿ ಉಡುಪಿಯವರೇ. ನಮ್ಮ ಕಡೆ ನಾಗ್ಪುರದ ಸಮೃದ್ಧಿ ಹೆದ್ದಾರಿ ಬಂತು ಅಂತ ಭಿವಂಡಿ, ಕಲ್ಯಾಣ್ ಸುತ್ತ ಗೋಡೆ ಗೋಡೆಗೆ ಬಿಲ್ಡರ್‌ಗಳ ಬೋರ್ಡ್. ಇಗತ್‌ಪುರಿಯಿಂದ ಆಮಣೆ ತನಕದ ಕೊನೆ ಭಾಗ 2025ರ ಜೂನ್ 5ರಂದು ತೆರೆಯಿತು, ಒಟ್ಟು 701 ಕಿಲೋಮೀಟರ್. ಆದರೆ ಡೊಂಬಿವಲಿಯಲ್ಲಿ ಇರುವವನು ವಾರಕ್ಕೆ ಎಷ್ಟು ಸಲ ನಾಗ್ಪುರಕ್ಕೆ ಹೋಗುತ್ತಾನೆ? ಅವನಿಗೆ ಬೇಕಾದದ್ದು ಲೋಕಲ್ ಟ್ರೈನು. ನಮ್ಮಲ್ಲಿ ಇವತ್ತಿಗೂ ಸ್ಟೇಷನ್‌ಗೆ ನಡೆದು ಹೋಗುವ ದೂರದಲ್ಲಿ ಇರುವ ಹಳೇ ಬಿಲ್ಡಿಂಗ್‌ಗೇ ಜಾಸ್ತಿ ಕೇಳಿಕೆ. ಗೋದಾಮು ಕಟ್ಟುವವರಿಗೆ ಸಮೃದ್ಧಿ ಲಾಭ, ಮನೆಯವರಿಗೆ ಅಷ್ಟಿಲ್ಲ.

ವಾಸ್ಕೋದ_ಹಾನಗಲ್

ಗೋವಾದಲ್ಲಿ ನಾನು ಒಳ್ಳೆಯದೇ ಕಂಡಿದ್ದೇನೆ. ಹಳೆ ಜುವಾರಿ ಸೇತುವೆ 1983ರದು. ಅದರ ಮೇಲೆ ಭಾರದ ಗಾಡಿ ಬಂದ್ ಮಾಡಿದ್ದರು, ಬೆಳಿಗ್ಗೆ ಸಂಜೆ ಕೊರ್ಟಾಳಿಯಿಂದ ಆಗಶಿ ತನಕ ಸಾಲುಗಟ್ಟಿ ನಿಲ್ಲಬೇಕಿತ್ತು. ವಾಸ್ಕೋದಿಂದ ಪಣಜಿಗೆ ಕೆಲಸಕ್ಕೆ ಹೋಗುವವರು ಅಲ್ಲೇ ಬಾಡಿಗೆ ಮನೆ ಮಾಡುತ್ತಿದ್ದರು. 2022ರ ಡಿಸೆಂಬರ್ ಕೊನೆಗೆ ಹೊಸ ಸೇತುವೆಯ ಒಂದು ಬದಿ ತೆರೆದರು, ಮುಂದಿನ ವರ್ಷ ಇನ್ನೊಂದು. ಆಮೇಲೆ ವೆರ್ಣಾ, ಕೊರ್ಟಾಳಿ ಕಡೆ ಮನೆ ಕೇಳುವವರು ಹೆಚ್ಚಾದರು. ಇಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಊರಿನ ರಸ್ತೆಗಳು ಸೇರಿಕೊಳ್ಳುತ್ತವೆ, ಬಸ್ಸು ನಿಲ್ಲುತ್ತದೆ, ಸ್ಕೂಟರ್ ಹೋಗುತ್ತದೆ. ಅದಕ್ಕೇ ಎಲ್ಲರಿಗೂ ಉಪಯೋಗ ಆಯಿತು.

ಆದರೆ ಅದೇ ಹೆದ್ದಾರಿ ಅಗಲ ಮಾಡುವಾಗ ಮಣ್ಣು ತುಂಬಿ ಎತ್ತರಿಸಿದರಲ್ಲ, ಮಳೆಗಾಲದಲ್ಲಿ ಕೆಲವು ಕಡೆ ನೀರು ಹರಿಯುವ ದಾರಿಯೇ ಮುಚ್ಚಿತು. ನಮ್ಮ ಪರಿಚಯದವರ ಅಂಗಳಕ್ಕೆ ಮುಂಚೆ ಎಂದೂ ಬರದ ನೀರು ಈಗ ಬರುತ್ತದೆ. ಅಕ್ಕಾ, ನಿಮ್ಮ ಹಿಂದೆ ಭತ್ತದ ಗದ್ದೆ ಅಂದಿರಿ. ಗದ್ದೆ ಅಂದರೆ ತಗ್ಗು, ನೀರು ಆ ಕಡೆಯೇ ಹೋಗುತ್ತಿರಬೇಕು. ರಸ್ತೆ ಏರಿ ಬಂದರೆ ಕೆಳಗೆ ಮೋರಿ ಎಷ್ಟು ದೊಡ್ಡದು ಇಡುತ್ತಾರೆ ಕೇಳಿ. ಮುಳಶಿಯ ಮಳೆ ಸಾಮಾನ್ಯ ಮಳೆಯಲ್ಲ.

ಮುಳಶಿ_ಮನೆಯಾಕೆ

ಅಯ್ಯೋ, ಇದು ನಮ್ಮ ತಲೆಗೇ ಹೊಳೆದಿರಲಿಲ್ಲ ಅಣ್ಣಾ. ನೀರು ಹಿತ್ತಲ ಕಡೆಯೇ ಹರಿದು ಹೋಗುತ್ತದೆ. ಸೊಸೈಟಿ ಮೀಟಿಂಗಿನಲ್ಲಿ ಎತ್ತುತ್ತೇನೆ.

ಪುನಾವಳೆ_ಪಾಟೀಲ

ನೀರಿನ ಮಾತು ಬಂತಲ್ಲ, ನಮ್ಮ ಪುನಾವಳೆ, ತಾಥವಡೆ ಅಂಡರ್‌ಪಾಸ್‌ಗಳನ್ನು ಒಂದು ಸಲ ಬಂದು ನೋಡಿ ಎಲ್ಲರೂ. ಹೆದ್ದಾರಿ ಆಚೆ ಶಾಲೆ, ಈಚೆ ಮನೆ. ನಡುವೆ ಒಂದು ಕಿಷ್ಕಿಂಧೆಯಂಥ ಕಿಂಡಿ. ಜೋರು ಮಳೆ ಬಂದರೆ ನೀರು ನಿಲ್ಲುತ್ತದೆ. ಮಳೆ ಇಲ್ಲದ ದಿನ ಶಾಲೆ ಬಸ್ಸುಗಳು ನಿಲ್ಲುತ್ತವೆ. ಬಿಲ್ಡರ್ ಬ್ರೋಶರ್‌ನಲ್ಲಿ "ಹೆದ್ದಾರಿಯಿಂದ ಎರಡೇ ನಿಮಿಷ" ಅಂತ ಇರುತ್ತದೆ. ಆ ಎರಡು ನಿಮಿಷ ಸರಿಯೇ, ಹೆದ್ದಾರಿ ದಾಟುವುದಕ್ಕೆ ಎಷ್ಟು ಅಂತ ಬರೆದಿರುವುದಿಲ್ಲ.

ಊರು ಎರಡು ಭಾಗ ಆಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಿರಾಣಿ ಅಂಗಡಿ, ಡಾಕ್ಟರು, ಗುಡಿ ಆಚೆ ಉಳಿದರೆ ಈಚೆ ಇರುವವರಿಗೆ ದಿನನಿತ್ಯ ಗೋಳು.

ನರ್ಹೆ_ನಿವಾಸಿ

ಅದೇ ಬೈಪಾಸಿನ ಸೇತುವೆ, ನಮ್ಮ ನವಲೆ ಪುಲ್ ವಿಷಯ ಯಾರೂ ತೆಗೆಯಲಿಲ್ಲವಲ್ಲ. ಹೊಸ ಕಾತ್ರಜ್ ಸುರಂಗದಿಂದ ಇಳಿಜಾರು. ಡೀಸೆಲ್ ಉಳಿಸಲು ಲಾರಿಯವರು ನ್ಯೂಟ್ರಲ್ ಮಾಡಿ ಬಿಡುತ್ತಾರೆ, ಬ್ರೇಕ್ ಕೈಕೊಡುತ್ತದೆ. 2022ರ ನವೆಂಬರಿನಲ್ಲಿ ಒಂದೇ ರಾತ್ರಿ ಸುಮಾರು 48 ಗಾಡಿಗಳಿಗೆ ಗುದ್ದಾಟ ಆಯಿತು. 2025ರ ನವೆಂಬರಿನಲ್ಲಿ ಮತ್ತೆ ಭೀಕರ ಅಪಘಾತ, ಬೆಂಕಿ, ಜೀವ ಹೋದವು. ನಮ್ಮ ತಾಯಿ ನಾನು ಮನೆ ಸೇರುವ ತನಕ ಕಿಟಕಿ ಬಿಟ್ಟು ಕದಲುವುದಿಲ್ಲ. ಇಲ್ಲಿ ಮನೆ ಬೆಲೆ ಬಾವಧನ್, ಬಾಣೇರ್‌ಗಿಂತ ಕಡಿಮೆ ಇರುವುದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಈ ಹೆಸರೂ ಒಂದು ಕಾರಣ. ಊರ ಹೆಸರು ಹೇಳಿದ ಕೂಡಲೇ "ಆ ಆ್ಯಕ್ಸಿಡೆಂಟ್ ಆಗುವ ಜಾಗನಾ?" ಅಂತ ಕೇಳುತ್ತಾರೆ.

ಬೆಳಗಾವಿ_ಬಾಣೇರ್

ಅದೇ ಸುರಂಗ ದಾಟಿಕೊಂಡೇ ನಾವು ಊರಿಗೆ ಹೋಗುವುದು. ಖಂಬಾಟ್ಕಿ ಘಾಟಿನ ಹೊಸ ಸುರಂಗ, ಸಾತಾರಾ–ಕಾಗಲ್ ಆರು ಪಥ, ಎಲ್ಲ ಮುಗಿದರೆ ಬೆಳಗಾವಿ ಎಷ್ಟು ಹತ್ತಿರ ಆಗುತ್ತದೆ! ಈಗ ಕೊಲ್ಹಾಪುರ ತನಕ ಬರೀ ಡೈವರ್ಷನ್.

ವಾಕಡ್_ವಿಜಯಪುರ

ಡೈವರ್ಷನ್ ಮಾತು ಎತ್ತಬೇಡಿ, ಕಳೆದ ದೀಪಾವಳಿಗೆ ಕರಾಡ್ ದಾಟುವಷ್ಟರಲ್ಲಿ ಮಕ್ಕಳಿಗೆ ತಂದ ಚಕ್ಕುಲಿ ಡಬ್ಬಿ ಪೂರ್ತಿ ಖಾಲಿ. ನಾನಂತೂ ಈಗ ಸೋಲಾಪುರದ ಮೇಲಿಂದಲೇ ಹೋಗುವುದು.

ತುಮರಿಕೊಪ್ಪ_ಪುಣೆ

ನಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸ್ ನೋಡಿ, ಎರಡೇ ಪಥ ಇಟ್ಟು ಎಷ್ಟು ಮನೆ ಹಾಳು ಮಾಡಿತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಹೋದದ್ದು ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತದೆ. ಮನೆ ಬೆಲೆಗಿಂತ ಮೊದಲು ರಸ್ತೆ ಸರಿಯಾಗಿ ಕಟ್ಟಲಿ.

ಸಾತ್‌ಬಾರಾ_ಸಾಹೇಬ

ವಿಷಯಕ್ಕೆ ಬರೋಣ. ಜಮೀನು ದಾಖಲೆಗಳ ಕೆಲಸ ಮಾಡುವವನು ನಾನು. ಮನೆಯಾಕೆ ಅವರೇ, ಬೆಲೆ ಏರುತ್ತದಾ ಅನ್ನುವುದಕ್ಕೂ ಮೊದಲು ನಿಮ್ಮ ಸೊಸೈಟಿಯ ಸರ್ವೆ ನಂಬರು ಸ್ವಾಧೀನದ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಿ. ಗಟ್ ನಂಬರಿನ ಸಾತ್‌ಬಾರಾ (ನಮ್ಮ ಊರ ಕಡೆಯ ಪಹಣಿ ಇದ್ದ ಹಾಗೆ) ತೆಗೆಸಿ, ಇತರ ಹಕ್ಕುಗಳ ಕಾಲಂ ಓದಿ. ಆ ನಂಬರಿನ ಒಂದು ಚೂರು ಹೋದರೂ ಅಲ್ಲಿ ನಮೂದು ಬರುತ್ತದೆ. ರಸ್ತೆ ನಿಮ್ಮ ಗೋಡೆಗೆ ತಾಗದಿದ್ದರೂ ಸೊಸೈಟಿಯ ಒಳರಸ್ತೆ, ಗೇಟು ಹೋಗುವ ಸಂದರ್ಭ ಇರುತ್ತದೆ.

ಆಮೇಲೆ, ಬ್ರೋಕರ್ ಹೇಳುವ ಬೆಲೆ ನಂಬಬೇಡಿ. ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿ ಇಂಡೆಕ್ಸ್ ಟೂ, ಅಂದರೆ ನೋಂದಣಿಯಾದ ಕ್ರಯದ ಸಾರಾಂಶ, ಹುಡುಕಬಹುದು. ನಿಮ್ಮ ಅಕ್ಕಪಕ್ಕದಲ್ಲಿ ನಿಜವಾಗಿ ಯಾವ ದರಕ್ಕೆ ನೋಂದಣಿ ಆಗಿದೆ ಅಂತ ಕಾಣುತ್ತದೆ. ರೆಡಿ ರೆಕನರ್, ಅಂದರೆ ಸರ್ಕಾರ ನಿಗದಿ ಮಾಡಿದ ದರ ಕೂಡ ನೋಡಿ. ರಸ್ತೆ ಬಂದಂತೆ ಸರ್ಕಾರ ಅದನ್ನೂ ಏರಿಸುತ್ತದೆ, ಕೊಳ್ಳುವವನಿಗೆ ಮುದ್ರಾಂಕ ಶುಲ್ಕ ಅಷ್ಟು ಜಾಸ್ತಿ ಆಗುತ್ತದೆ.

ಕಾತ್ರಜ್_ಕಲಬುರಗಿ

ಸಾಹೇಬರೇ, ಸ್ವಾಧೀನದಲ್ಲಿ ಹೋದರೆ ನಾಲ್ಕು ಪಟ್ಟು ಕೊಡುತ್ತಾರಂತೆ? ನಮ್ಮ ಆಫೀಸಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಹಾಗಾದರೆ ಹೋದದ್ದೇ ಒಳ್ಳೆಯದಲ್ವಾ?

ಸಾತ್‌ಬಾರಾ_ಸಾಹೇಬ

ಆ ನಾಲ್ಕು ಪಟ್ಟು ಎಲ್ಲಿಂದ ಬಂತು ಹೇಳುತ್ತೇನೆ. 2013ರ ಭೂಸ್ವಾಧೀನ ಕಾನೂನಿನ ಪ್ರಕಾರ ಗ್ರಾಮೀಣ ಭಾಗದಲ್ಲಿ ಮಾರುಕಟ್ಟೆ ಬೆಲೆಯನ್ನು ಎರಡರ ತನಕ ಗುಣಿಸಬಹುದು. ಅದರ ಮೇಲೆ ನೂರಕ್ಕೆ ನೂರು ಸೊಲೇಶಿಯಂ, ಅಂದರೆ ಸಾಂತ್ವನದ ಹೆಚ್ಚುವರಿ ಹಣ. ಹಾಗೆ ನಾಲ್ಕು ಆಗುತ್ತದೆ. ನಗರ ಭಾಗದಲ್ಲಿ ಗುಣಕ ಒಂದೇ, ಅಲ್ಲಿ ಎರಡು ಪಟ್ಟು.

ಆದರೆ ಯಾವ ಬೆಲೆಯ ನಾಲ್ಕು ಪಟ್ಟು? ಅಲ್ಲೇ ಜನ ಸೋಲುವುದು. ಹಿಂದಿನ ಮೂರು ವರ್ಷದ ನೋಂದಾಯಿತ ಕ್ರಯಪತ್ರಗಳನ್ನು ತೆಗೆಯುತ್ತಾರೆ. ಅದರಲ್ಲಿ ಹೆಚ್ಚಿನ ದರದ ಅರ್ಧ ಪತ್ರಗಳ ಸರಾಸರಿ ಹಾಕುತ್ತಾರೆ. ಅದು ಅಥವಾ ರೆಡಿ ರೆಕನರ್, ಯಾವುದು ಜಾಸ್ತಿಯೋ ಅದು. ಈಗ ಯೋಚಿಸಿ. ಊರಿನಲ್ಲಿ ಎಲ್ಲರೂ ಶುಲ್ಕ ಉಳಿಸಲು ಕಡಿಮೆ ಬೆಲೆ ಬರೆಸಿ, ಉಳಿದದ್ದು ನಗದಿನಲ್ಲಿ ತೆಗೆದುಕೊಂಡಿದ್ದರೆ ಸರ್ಕಾರದ ಲೆಕ್ಕದಲ್ಲಿ ಆ ಊರಿನ ಜಮೀನು ಅಗ್ಗ. ನಾಲ್ಕು ಪಟ್ಟು ಕೊಟ್ಟರೂ ನಿಜವಾದ ಬೆಲೆಯ ಹತ್ತಿರ ಮಾತ್ರ ಬರುತ್ತದೆ. ಒಬ್ಬ ರೈತ ನನ್ನೆದುರು ಕೂತು ತನ್ನ ಅಣ್ಣತಮ್ಮಂದಿರ ಕ್ರಯಪತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದ. ಎಲ್ಲದರಲ್ಲೂ ಕಡಿಮೆ ಬರೆಸಿದ್ದರು. ಅವನಿಗೆ ಮಾತೇ ಹೊರಡಲಿಲ್ಲ.

ರಿಂಗ್ ರೋಡಿಗೆ ಒಪ್ಪಿಗೆ ಕೊಟ್ಟು ಬಿಟ್ಟುಕೊಟ್ಟವರಿಗೆ ಶೇ 25 ಹೆಚ್ಚುವರಿ ಇತ್ತು. ಆ ದುಡ್ಡು ಸಿಕ್ಕವರೂ ಆಮೇಲೆ ಅದೇ ತಾಲ್ಲೂಕಿನಲ್ಲಿ ಅಷ್ಟೇ ಜಮೀನು ಕೊಳ್ಳಲು ಹೋದರೆ ಆಗುವುದಿಲ್ಲ, ಸುತ್ತಲಿನ ಬೆಲೆ ಅಷ್ಟರಲ್ಲಿ ಏರಿರುತ್ತದೆ.

ಮುಳಶಿ_ಮನೆಯಾಕೆ

ನಮ್ಮ ಹಿಂದಿನ ಹೊಲದ ಆಜಿಯದೂ ಅದೇ ಕಥೆ. ಮಕ್ಕಳು ಪರಿಹಾರದ ದುಡ್ಡಿನಲ್ಲಿ ಕಾರು ತಂದರು, ಮನೆಗೆ ಟೈಲ್ಸ್ ಹಾಕಿಸಿದರು. ಆಜಿ ಮಾತ್ರ ಸಂಜೆ ಆ ಕಲ್ಲುಗಳ ಹತ್ತಿರ ಹೋಗಿ ನಿಂತು ಬರುತ್ತಾರೆ. ಮಾರುವ ಮಾತು ಬಂದಾಗ ನನಗೆ ಅವರೇ ಕಣ್ಣ ಮುಂದೆ ಬರುತ್ತಾರೆ. ನಮ್ಮದು ಬರೀ ಮನೆ, ಅವರದು ಬದುಕು.

ಪ್ಲಾಟ್_ಹುಡುಕುವವನು

ನಡುವೆ ಒಂದು ಪ್ರಶ್ನೆ. ನನಗೆ "ರಿಂಗ್ ರೋಡ್ ಟಚ್, ಒಂದೇ ಗುಂಟಾ, ಕಂತಿನಲ್ಲಿ" ಅಂತ ಮೆಸೇಜ್ ಬಂದಿದೆ. ನಾಳೆ ಟೋಕನ್ ಕೊಡಬೇಕಂತೆ. ಕೊಡಲಾ?

ಸಾತ್‌ಬಾರಾ_ಸಾಹೇಬ

ಕೊಡಬೇಡಿ ತಮ್ಮಾ. ಒಂದು ಗುಂಟಾ ಅಂದರೆ 1089 ಚದರ ಅಡಿ. ಕೃಷಿ ಜಮೀನನ್ನು ಹಾಗೆ ಚೂರು ಮಾಡಿ ಮಾರುವುದಕ್ಕೆ 1947ರ ತುಕಡೇಬಂದಿ ಕಾನೂನು ಅಡ್ಡ ಬರುತ್ತದೆ. ಇತ್ತೀಚೆಗೆ ಕೆಲವು ಕಡೆ ಸಡಿಲಿಸಿದ್ದಾರೆ, ಆದರೆ ನಿಮ್ಮ ಜಾಗ ಅದರಲ್ಲಿ ಬರುತ್ತದಾ ಅಂತ ವಕೀಲರ ಹತ್ತಿರ ನೋಡಿಸದೆ ಒಂದು ರೂಪಾಯಿಯೂ ಕೊಡಬೇಡಿ. ಹತ್ತು ಜನರನ್ನು ಒಂದೇ ಸಾತ್‌ಬಾರಾಕ್ಕೆ ಸೇರಿಸಿ "ಇದು ನಿಮ್ಮದು" ಅಂತ ಸುಣ್ಣದ ಗೆರೆ ಎಳೆದು ತೋರಿಸುತ್ತಾರೆ. ಬ್ಯಾಂಕ್ ಸಾಲ ಸಿಗುವುದಿಲ್ಲ, ಮನೆ ಕಟ್ಟಲು ಪರವಾನಗಿಯೂ ಸಿಗುವುದಿಲ್ಲ.

ಅಂದಾಜು_ಕಾಕಾ

ಮೇಲಾಗಿ ಹೆದ್ದಾರಿಗೆ ತಾಗಿದ ಜಾಗದಲ್ಲಿ ಇಷ್ಟು ದೂರ ಬಿಟ್ಟೇ ಕಟ್ಟಬೇಕು ಅಂತ ನಿಯಮ ಇರುತ್ತದೆ. ಒಂದು ಗುಂಟಾ ಪೂರ್ತಿ ಆ ಅಂತರದಲ್ಲೇ ಹೋದರೆ ಏನು ಕಟ್ಟುತ್ತೀರಿ?

ಪ್ಲಾಟ್_ಹುಡುಕುವವನು

ಧನ್ಯವಾದ ಸಾಹೇಬರೇ, ಕಾಕಾ. ಟೋಕನ್ ಕೊಡಲ್ಲ.

ವಾಸ್ಕೋದ_ಹಾನಗಲ್

ಇಲ್ಲಿಯೂ ಇದೇ ಧಂಧೆ. ನಾಗ್ಪುರದಿಂದ ಗೋವಾ ಗಡಿಯ ಪತ್ರಾದೇವಿ ತನಕ ಶಕ್ತಿಪೀಠ ಹೆದ್ದಾರಿ ಅಂತ ಹೇಳಿದ ದಿನದಿಂದ ಪೆಡಣೆ ಕಡೆ ಜಮೀನು ತೋರಿಸುವವರು ಹುಟ್ಟಿಕೊಂಡರು. ಅತ್ತ ಕೊಲ್ಹಾಪುರ, ಸಾಂಗ್ಲಿಯ ರೈತರು ಜಮೀನು ಕೊಡುವುದಿಲ್ಲ ಅಂತ ಬೀದಿಗೆ ಇಳಿದಿದ್ದಾರೆ. ಕಾಗದದ ಮೇಲಿನ ರಸ್ತೆಗೆ ದುಡ್ಡು ಹಾಕುವುದು ಅಂದರೆ ಇದೇ.

ವಾಕಡ್_ವಿಜಯಪುರ

ಎಲ್ಲರೂ ಹೆದರಿಸುತ್ತಿದ್ದೀರಿ. ನಾನು ಕೇಳುವುದು ಒಂದೇ. ಹೆದ್ದಾರಿ ಬಂದು ಇಪ್ಪತ್ತು ವರ್ಷ ಆದ ಮೇಲೆ ಆ ಏರಿಯಾ ಅಗ್ಗ ಆದದ್ದನ್ನು ಪುಣೆಯಲ್ಲಿ ಯಾರಾದರೂ ತೋರಿಸಿ. ಬಾವಧನ್‌ನವರದು ಕೂಡ ಏರಿದೆ. ಆದ್ದರಿಂದ ಇಟ್ಟುಕೊಂಡವನೇ ಗೆದ್ದ.

ತಳೇಗಾವ್_ತೋಟ

ಇಪ್ಪತ್ತು ವರ್ಷದಲ್ಲಿ ಹೆದ್ದಾರಿ ಇಲ್ಲದ ಏರಿಯಾವೂ ಏರಿದೆಯಲ್ಲ! ಬ್ಯಾಂಕಿನಲ್ಲಿ ಇಟ್ಟ ದುಡ್ಡೂ ಏರಿದೆ. ಹೋಲಿಸಬೇಕಾದದ್ದು ಅದರ ಜೊತೆ. ಮೇಲಾಗಿ ಅಕ್ಕನ ಮಾವನವರಿಗೆ ಆಸ್ಪತ್ರೆ ಬೇಕಾಗಿರುವುದು ಈಗ.

ವಾಕಡ್_ವಿಜಯಪುರ

ಆ ಮಾತಿಗೆ ಎದುರಾಡುವುದಿಲ್ಲ. ಹಿರಿಯರ ವಿಷಯ ಮೊದಲು. ಆದರೆ ಹೂಡಿಕೆ ಅಂತ ಕೇಳಿದರೆ ನನ್ನ ಉತ್ತರ ಅದೇ.

ಮುಳಶಿ_ಮನೆಯಾಕೆ

ಎಲ್ಲರಿಗೂ ತುಂಬಾ ಧನ್ಯವಾದ. ಯಜಮಾನರು ತಹಶೀಲ್ ಕಚೇರಿಗೆ ಹೋಗಿ ಬಂದರು. ಸಾತ್‌ಬಾರಾದಲ್ಲಿ ನಮ್ಮ ಗಟ್ ನಂಬರಿನ ಮೇಲೆ ಯಾವ ನಮೂದೂ ಇಲ್ಲ, ಅಷ್ಟು ನಿರಾಳ. ನಕ್ಷೆಯ ಪ್ರಕಾರ ಇಂಟರ್‌ಚೇಂಜ್ ಮಾತ್ರ ನಮ್ಮಿಂದ ಸಾಕಷ್ಟು ಸುತ್ತು. ಅಂದರೆ ಕಾಕಾ ಹೇಳಿದ ಹಾಗೆ ಎದುರಿಗೆ ಕಾಣುತ್ತದೆ, ಹತ್ತಲು ದೂರ. ಇಂಡೆಕ್ಸ್ ಟೂ ನೋಡಿದೆವು. ನಮ್ಮ ಕಡೆ ಆದ ಮಾರಾಟಗಳ ದರ ಬ್ರೋಕರ್ ಹೇಳಿದ್ದಕ್ಕಿಂತ ತುಂಬಾ ಕಡಿಮೆ ಇದೆ. ಆದರೂ ನಾವು ಕೊಂಡ ಬೆಲೆಗಿಂತ ಚೆನ್ನಾಗಿಯೇ ಬಂದಿದೆ.

ಡಂಪರ್‌ಗಳ ಓಡಾಟ ಜೋರಾಗುವ ಮುಂಚೆ ಮಾರುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಬಂದವರಿಗೆ ಹಿತ್ತಲ ಬಾಗಿಲು ತೆರೆದು ಕಲ್ಲುಗಳನ್ನು ತೋರಿಸಿಯೇ ಮಾರುತ್ತೇವೆ, ಮುಚ್ಚಿಡುವುದು ಬೇಡ ಅಂತ ಮಾವನವರು ಹೇಳಿದ್ದಾರೆ.

ಅಂದಾಜು_ಕಾಕಾ

ಒಳ್ಳೆಯ ತೀರ್ಮಾನ ತಾಯಿ. ಮಾರಿದ ಎರಡು ವರ್ಷದೊಳಗೆ ಇನ್ನೊಂದು ವಾಸದ ಮನೆ ಕೊಂಡರೆ ಆ ಮನೆಗೆ ಹಾಕಿದಷ್ಟು ಲಾಭದ ಮೇಲೆ ತೆರಿಗೆ ಕಟ್ಟಬೇಕಾಗಿಲ್ಲ. ನಿಮ್ಮ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ಹೊಸ ಫ್ಲ್ಯಾಟ್ ನಿಮ್ಮೊಬ್ಬರ ಹೆಸರಿಗೆ ನೋಂದಾಯಿಸಿದರೆ ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳಿಗೆ ಮುದ್ರಾಂಕ ಶುಲ್ಕದಲ್ಲಿ ಶೇ 1 ರಿಯಾಯಿತಿ ಇದೆ. ದೊಡ್ಡ ಮೊತ್ತದಲ್ಲಿ ಅದು ಕಡಿಮೆ ಏನಲ್ಲ.

ಮುಳಶಿ_ಮನೆಯಾಕೆ

ಇದು ಗೊತ್ತಿರಲಿಲ್ಲ ಕಾಕಾ, ಬಹಳ ಉಪಕಾರ ಆಯಿತು. ಬಾವಧನ್‌ನವರೇ, ನಿಮ್ಮ ಏರಿಯಾದಲ್ಲೇ ಫ್ಲ್ಯಾಟ್ ನೋಡುವವರಿದ್ದೇವೆ. ಯಾವ ಬದಿ, ಯಾವ ಮಹಡಿ ನೋಡಬೇಕು ಹೇಳಿ.

ಬಾವಧನ್_ಬಾಲ್ಕನಿ

ಬೈಪಾಸ್‌ಗೆ ಬೆನ್ನು ಮಾಡಿದ ಫ್ಲ್ಯಾಟ್ ನೋಡಿ. ನಡುವೆ ಇನ್ನೊಂದು ಬಿಲ್ಡಿಂಗ್ ಅಡ್ಡ ಇದ್ದರೆ ಇನ್ನೂ ಒಳ್ಳೆಯದು. ಮೇಲ್ಸೇತುವೆಯ ಮಟ್ಟಕ್ಕೆ ಸರಿಯಾಗಿ ಬರುವ ಮಹಡಿ ಬೇಡ. ತೀರಾ ಮೇಲಿನದೂ ಬೇಡ, ಅಲ್ಲಿಗೆ ಸದ್ದು ಅಡ್ಡಿಯಿಲ್ಲದೆ ಬರುತ್ತದೆ. ಮಾವನವರಿಗೆ ಲಿಫ್ಟ್ ಕೆಟ್ಟ ದಿನವೂ ಇಳಿಯಲು ಆಗಬೇಕಲ್ಲ, ಎರಡನೆಯ ಮಹಡಿಯ ತನಕ ಸಾಕು.

ಬ್ರೋಕರ್ ನಿಮ್ಮನ್ನು ಭಾನುವಾರ ಮಧ್ಯಾಹ್ನ ಕರೆಯುತ್ತಾನೆ, ಆಗ ರಸ್ತೆ ಖಾಲಿ ಇರುತ್ತದೆ. ಒಪ್ಪಬೇಡಿ. ಕೆಲಸದ ದಿನ ರಾತ್ರಿ ಹತ್ತರ ಮೇಲೆ ಬನ್ನಿ, ಬೆಡ್‌ರೂಮಿನ ಕಿಟಕಿ ತೆರೆದು ಹತ್ತು ನಿಮಿಷ ನಿಲ್ಲಿ. ಬರುವ ಮುಂಚೆ ಇಲ್ಲೇ ತಿಳಿಸಿ, ನಾನೂ ನಮ್ಮ ಮನೆಯವರೂ ಜೊತೆಗೆ ಬರುತ್ತೇವೆ. ಊಟ ನಮ್ಮಲ್ಲೇ.